ಹೊತ್ತು ಮುಳುಗುವ ಮುಂಚಿನ ತಿಂಡಿ

18 ನವೆಂಬರ್ 1978, ಶನಿವಾರ

ದುರಂತ! ಆಲೂಗಡ್ಡೆ ಬೋಂಡದ ಮಹಾ ದುರಂತ!

ಮೊದಲಿನಿಂದ ಬರೆಯುತ್ತೇನೆ, ಇಲ್ಲದಿದ್ದರೆ ಮನಸ್ಸು ಹಗುರಾಗುವುದಿಲ್ಲ. ಇಂದು ಸಹೋದರಿಯರ ಸೇವಾ ಸಮಾಜದ ತಿಂಗಳ ಕೂಟ ಅತ್ತೆಯ ಮನೆಯಲ್ಲಿತ್ತು. ಅರಸೀಕೆರೆ ಚರ್ಚಿನ ಹೆಂಗಸರು ಐವತ್ತು ವರ್ಷದ ಹಿಂದೆ ಕಟ್ಟಿಕೊಂಡ ಸಮಾಜ ಅದು. ಅತ್ತೆ ಸುವರ್ಣಮ್ಮನವರೇ ಅಧ್ಯಕ್ಷೆ. ಇವರೆಲ್ಲ ತಿಂಗಳಿಗೊಮ್ಮೆ ಒಬ್ಬೊಬ್ಬರ ಮನೆಯಲ್ಲಿ ಸೇರಿ ಕೀರ್ತನೆ ಹಾಡುತ್ತಾರೆ, ಯಾವ ಜಾತಿಯೆಂದು ಕೇಳದೆ ಬಡ ಬಾಣಂತಿಯರಿಗೆ ಕೊಡುವ ಗಂಟು ಕಟ್ಟುತ್ತಾರೆ. ಗಂಟಿನಲ್ಲಿ ಮೆತ್ತಗಿನ ಹಳೇ ಬಟ್ಟೆ, ಕುಲಾವಿ, ಹರಳೆಣ್ಣೆ, ರಾಗಿಹಿಟ್ಟು. ಆಮೇಲೆ ತಿಂಡಿ ತಿಂದು ಮನೆಗೆ.

"ಅತ್ತೆ, ತಿಂಡಿ ನನಗೆ ಬಿಡಿ, ಸರ್‌ಪ್ರೈಸ್!" ಎಂದೆ. ಬಟ್ಟೆ ಕತ್ತರಿಸುವ ಗಡಿಬಿಡಿಯಲ್ಲಿ ಅತ್ತೆ "ಹೂಂ" ಎಂದುಬಿಟ್ಟರು. ಮದುವೆಯಾಗಿ ತಿಂಗಳು ತುಂಬದ ಸೊಸೆಯ ಕೈಗೆ ಬಾಣಲೆ ಕೊಟ್ಟರೆ ಇನ್ನೇನಾಗುತ್ತದೆ! ಬೆಂಗಳೂರಿನ ನಮ್ಮಮ್ಮನ ಥರವೇ ಈರುಳ್ಳಿ, ಬೆಳ್ಳುಳ್ಳಿ ಹಾಕಿ, ಬಿಸಿಬಿಸಿ ಬೋಂಡ ಕರಿದು, ದೀಪ ಹಾಕಿದ ಮೇಲೆ ಮಹಾರಾಣಿಯ ಹಾಗೆ ತಟ್ಟೆ ಹಿಡಿದು ಬಂದೆ. ಎಲ್ಲರೂ ತಟ್ಟೆ ನೋಡಿದರು, ಕಿಟಕಿ ನೋಡಿದರು. ಯಾರೂ ಕೈ ಚಾಚಲಿಲ್ಲ.

ಕೊನೆಗೆ ಬಾಯಿ ಬಿಟ್ಟವರು ಮಾದಮ್ಮ. ಸಂತೆಯಲ್ಲಿ ಸೊಪ್ಪು ಮಾರುವ, ಸಮಾಜದ ಹಿರಿಯ ಸದಸ್ಯೆ.

"ಬೋಂಡ ನೋಡಾಕೆ ಚೆಂದಾಗೈತೆ ಕಣವ್ವ. ಆದ್ರೆ ಗೆಡ್ಡೆ ಹಾಕಿದ್ದೀಯ. ಮ್ಯಾಲಾಗಿ ಹೊತ್ತೂ ಮುಳುಗೋಯ್ತು. ಸಮಾಜದಾಗೆ ಇವ್ಯಾವೂ ನಡೆಯಾಕಿಲ್ಲ."

"ಯಾಕೆ?"

"ಯಾಕೆ ಅಂದ್ರೆ? ಇಲ್ಲ ಅಂದ್ರೆ ಇಲ್ಲ. ಮಿಸ್ಸಮ್ಮನ ಕಾಲದಿಂದ್ಲೂ ಇಲ್ಲ."

ಕಾರ್ಯದರ್ಶಿ ಎಸ್ತರಮ್ಮ ನಿವೃತ್ತ ಟೀಚರ್. ಅವರು ಕನ್ನಡಕ ತೆಗೆದು, "ಸುವರ್ಣಮ್ಮನವರ ಸೊಸೆಗೆ ಇನ್ನೂ ಗೊತ್ತಿಲ್ಲ ಪಾಪ" ಎಂದರು. ಆ "ಪಾಪ"ವನ್ನು ನಾನು ಸಾಯುವತನಕ ಮರೆಯುವುದಿಲ್ಲ. ಕೂಟದಲ್ಲಿ ಇವರು ಒಬ್ಬರನ್ನೊಬ್ಬರು "ಸಹೋದರಿ" ಎಂದೇ ಕರೆಯಬೇಕಂತೆ. ನಾನು ಮಾತ್ರ ಸುವರ್ಣಮ್ಮನವರ ಸೊಸೆ.

ಬೋಂಡಗಳನ್ನೆಲ್ಲ ಪ್ರಸನ್ನನೇ ತಿಂದು ಮುಗಿಸಿದ. ಗೂಡ್ಸ್ ರೈಲಿನ ಗಾರ್ಡ್ ಅವನು, ಸಿಕ್ಕಾಗ ತಿನ್ನುವುದು ಅಭ್ಯಾಸ. ಎಂಥ ಒಳ್ಳೆಯ ಗಂಡ! ಮೀಸೆಗೆ ಹಿಟ್ಟು ಅಂಟಿಕೊಂಡಿದ್ದರೂ ಎಷ್ಟು ಲಕ್ಷಣವಾಗಿ ಕಾಣುತ್ತಿದ್ದ!

24 ನವೆಂಬರ್, ಶುಕ್ರವಾರ

ಬೋಂಡದ ಪಾಪ ತೊಳೆಯಲು ದಾರಿ ಸಿಕ್ಕಿದೆ! ಫೆಬ್ರವರಿಯಲ್ಲಿ ಸಮಾಜದ ಸುವರ್ಣ ಮಹೋತ್ಸವ. ಅದರ ಚರಿತ್ರೆ ಬರೆದು ಅಂದು ಓದಬೇಕು. ಬರೆಯುವವರು ಯಾರು ಎಂದಾಗ ಅತ್ತೆ ನನ್ನ ಹೆಸರು ಹೇಳಿದರಂತೆ. "ಕಾನ್ವೆಂಟಿನಲ್ಲಿ ಓದಿದ ಹುಡುಗಿಗೆ ಕನ್ನಡ ಬರುತ್ತಾ?" ಎಂದು ಎಸ್ತರಮ್ಮ ಕೇಳಿದರಂತೆ. ಬರುತ್ತದೆ! ಈ ಡೈರಿಯನ್ನು ಕನ್ನಡದಲ್ಲಿ ಬರೆಯುತ್ತಿರುವುದೇ ಅದಕ್ಕೆ ಸಾಕ್ಷಿ. ಆದರೆ ಡೈರಿ ಯಾರಿಗೂ ತೋರಿಸುವುದಿಲ್ಲವಲ್ಲ, ಸಾಕ್ಷಿ ಹೇಗಾಗುತ್ತದೆ? ಇರಲಿ.

ಸಮಾಜ ಕಟ್ಟಿದ್ದು ಇಂಗ್ಲೆಂಡಿನಿಂದ ಬಂದ ಮಿಷನ್ನಿನ ಮಿಸ್ಸಮ್ಮ. ಆಕೆ ಬರೆದಿಟ್ಟ ವರದಿಗಳು ಚರ್ಚಿನ ಬೀರುವಿನಲ್ಲಿವೆ. ಬರೀ ಮಳೆ, ಸೆಖೆ, ಸೊಳ್ಳೆ. ತಿಂಡಿಯ ನಿಯಮಗಳ ಬಗ್ಗೆ ಒಂದಕ್ಷರ ಇಲ್ಲ. ಪರವಾಗಿಲ್ಲ, ಅಷ್ಟು ಊಹಿಸಲು ನನಗೆ ಬರುವುದಿಲ್ಲವೇ? ಹೀಗೆ ಬರೆದೆ: "ಹೊತ್ತು ಮುಳುಗುವ ಮೊದಲು ತಿಂಡಿ ಮುಗಿಸುವುದು, ಗೆಡ್ಡೆ, ಈರುಳ್ಳಿ, ಬೆಳ್ಳುಳ್ಳಿ ಬಳಸದಿರುವುದು, ಕುಡಿಯುವ ನೀರಿನ ಬಿಂದಿಗೆಯ ಬಾಯಿಗೆ ಬಿಳಿ ಬಟ್ಟೆ ಕಟ್ಟಿ ಸೋಸುವುದು, ಇವೆಲ್ಲ ಮಿಸ್ಸಮ್ಮನವರ ಇಂಗ್ಲಿಷ್ ಶಿಸ್ತಿನ ಮತ್ತು ಆರೋಗ್ಯಶಾಸ್ತ್ರದ ಕುರುಹುಗಳು." ಕುರುಹುಗಳು! ಎಂಥ ಪದ! ಪ್ರಸನ್ನನಿಗೆ ಓದಿ ಹೇಳಿದೆ. "ಬೆಳ್ಳುಳ್ಳಿ ತಿನ್ನದಿದ್ದರೆ ಆರೋಗ್ಯ ಅಂತ ಯಾವ ಡಾಕ್ಟರು ಹೇಳಿದ?" ಎಂದ. ಗಾರ್ಡ್‌ಗಳಿಗೆ ಸಾಹಿತ್ಯ ತಿಳಿಯುವುದಿಲ್ಲ.

16 ಡಿಸೆಂಬರ್, ಶನಿವಾರ

ಗೆದ್ದೆ! ಇಂದಿನ ಕೂಟದಲ್ಲಿ ನಾನು ಎದ್ದುನಿಂತು ಮಾತಾಡಿದೆ. "ಮಹೋತ್ಸವ ಸಂಜೆ ಮಾಡೋಣ. ಚರ್ಚಿನ ಅಂಗಳದಲ್ಲಿ ಶಾಮಿಯಾನ, ಬಣ್ಣದ ಬಲ್ಬುಗಳು, ಎಂಟು ಗಂಟೆಗೆ ಊಟ. ಮಿಸ್ಸಮ್ಮ ಊರಿಗೆ ಹೋಗಿ ಎಷ್ಟೋ ವರ್ಷವಾಯಿತು, ಅವರ ಗಡಿಯಾರ ನೋಡಿಕೊಂಡು ನಾವೇಕೆ ಊಟ ಮಾಡಬೇಕು?" ಎಂದೆ. ಕಿರಿಯರೆಲ್ಲ ಚಪ್ಪಾಳೆ ತಟ್ಟಿದರು. ಎಸ್ತರಮ್ಮನವರೂ "ಕಾಲ ಬದಲಾಗಿದೆ" ಎಂದು ಕೈ ಎತ್ತಿದರು. ಮಾದಮ್ಮ ಕೂಡ. "ಬಲ್ಬು ಅಂದ್ರೆ ನಂಗೂ ಆಸೆ ಕಣವ್ವ" ಎಂದು ನಕ್ಕರು.

ಕೈ ಎತ್ತದವರು ಅತ್ತೆ ಒಬ್ಬರೇ. ಅಧ್ಯಕ್ಷೆ ಮತ ಹಾಕುವುದಿಲ್ಲವಾದ್ದರಿಂದ ಇರಬೇಕು.

18 ಡಿಸೆಂಬರ್, ಸೋಮವಾರ

ಅತ್ತೆ ಬೆಳಿಗ್ಗೆ ಸಮಾಜದ ತಾಮ್ರದ ಬಿಂದಿಗೆಯ ಬಟ್ಟೆ ಬಿಚ್ಚಿದರು. ಒಗೆದು, ಒಣಗಿಸಿ, ಮಡಿಸಿ, ಟ್ರಂಕಿನ ತಳದಲ್ಲಿಟ್ಟರು. "ಯಾಕತ್ತೆ?" ಎಂದು ಕೇಳಿದೆ.

"ಇನ್ಯಾಕೆ ಬೇಕು ಬಿಡು. ಎಲ್ಲ ನಿಯಮಾನೂ ಹೋದ್ಮೇಲೆ ಇದೊಂದ್ಯಾಕೆ."

ದನಿಯಲ್ಲಿ ಕೋಪವಿರಲಿಲ್ಲ. ಕೋಪ ಮಾಡಿಕೊಂಡಿದ್ದರೆ ನಾನೂ ಅತ್ತು ಮುಗಿಸಿಬಿಡುತ್ತಿದ್ದೆ. ಅಡುಗೆಮನೆಯಲ್ಲಿ ಅವರು ಹುರುಳಿಕಾಳು ಆರಿಸುತ್ತಿದ್ದರು, ನಾನು ಎದುರಿಗೆ ಕೂತು ಬಿಡಲಿಲ್ಲ. ಕಾಳು ನೋಡಿಕೊಂಡೇ ಹೇಳಿದರು.

"ಮಿಸ್ಸಮ್ಮ ರಾತ್ರಿ ಎಂಟಕ್ಕೆ ಮಾಂಸದೂಟ ಮಾಡ್ತಿದ್ರು ಕಣಮ್ಮ. ಆಲೂಗಡ್ಡೆ ಇಲ್ಲದೆ ತುತ್ತು ಇಳೀತಿರ್ಲಿಲ್ಲ ಅವರಿಗೆ."

"ಮತ್ತೆ ನಿಯಮ?"

"ಅದು ಧರ್ಮಾವತಿಗೋಸ್ಕರ."

ಧರ್ಮಾವತಿ ಹಳೇಬೀಡಿನ ಪಕ್ಕದ ಬಸ್ತಿಹಳ್ಳಿಯ ಜೈನರ ಮಗಳು. ಚಿಕ್ಕ ವಯಸ್ಸಿನಲ್ಲೇ ಗಂಡ ತೀರಿಹೋಗಿ, ಇಲ್ಲಿ ಕೊಬ್ಬರಿ ಮಂಡಿ ಇಟ್ಟಿದ್ದ ಅಣ್ಣನ ಮನೆಗೆ ಬಂದಿದ್ದರಂತೆ. ಹೊಲಿಗೆ ಕಲಿಯಲೆಂದು ಸಮಾಜಕ್ಕೆ ಬಂದು, ಕಲಿತಾದ ಮೇಲೂ ಉಳಿದರು. ಬಾಣಂತಿ ಗಂಟು ಅವರದೇ ಯೋಚನೆ. ಜೈನರ ಮನೆಗಳಿಂದ ಮೆತ್ತಗಿನ ಬಿಳಿ ಸೀರೆಗಳನ್ನು ಬೇಡಿ ತರುತ್ತಿದ್ದರು. ಹೊತ್ತು ಮುಳುಗಿದ ಮೇಲೆ ತಿನ್ನುವುದಿಲ್ಲ, ನೆಲದೊಳಗೆ ಬೆಳೆಯುವ ಗೆಡ್ಡೆ ಮುಟ್ಟುವುದಿಲ್ಲ, ಸೋಸದ ನೀರು ಕುಡಿಯುವುದಿಲ್ಲ. ಮೊದಮೊದಲು ಒಂದು ಬಾಳೆಹಣ್ಣು ಹಿಡಿದು ಮೂಲೆಯಲ್ಲಿ ಕೂರುತ್ತಿದ್ದರಂತೆ.

"ನಾನು ಮದುವೆಯಾಗಿ ಹೊಸದಾಗಿ ಬಂದೋಳು. ಯಾರೂ ಮಾತಾಡಿಸ್ತಿರ್ಲಿಲ್ಲ. ಅವಳೇ ಪಕ್ಕಕ್ಕೆ ಬಂದು ಕೂತಳು. ಇವಳೊಬ್ಬಳು ತಿನ್ನದೆ ಕೂತಿರೋವಾಗ ನಾವು ತಿನ್ನೋದು ಹ್ಯಾಗೆ ಅಂತ, ಎಲ್ಲರೂ ಅವಳ ಹಾಗೇ ತಿನ್ನೋಣ ಅಂದೆ. ಎಲ್ಲರೂ ಒಪ್ಪಿದ್ರು. ಒಂದು ಪಾತ್ರೆ ಬೇರೆ ಇಟ್ಟು ನಾನೇ ಬೇಯಿಸ್ತಿದ್ದೆ."

"ಆಮೇಲೆ?"

"ಸ್ವಾತಂತ್ರ್ಯ ಬಂದ ವರ್ಷ, ಚರ್ಚುಗಳೆಲ್ಲ ಒಂದಾದ ಕಾಲಕ್ಕೆ ಹೊಸ ನಿಯಮದ ಪುಸ್ತಕ ಬಂತು. ಚರ್ಚಿನ ಸಭೆಗೆ ಸೇರಿದೋರು ಮಾತ್ರ ಸದಸ್ಯರು ಅಂತ. ಕೂಟದಲ್ಲಿ ಯಾರೋ ಗಟ್ಟಿಯಾಗಿ ಓದಿದ್ರು. ಅವಳು ಅಲ್ಲೇ ನೀರು ಸೋಸ್ತಿದ್ದಳು. ಬಿಂದಿಗೆ ತುಂಬೋವರೆಗೂ ಸೋಸಿ, ಬಟ್ಟೆ ಹಿಂಡಿ ಮತ್ತೆ ಕಟ್ಟಿ, 'ಬರ್ತೀನಿ ಕಣೇ ಸುವರ್ಣ' ಅಂತ ಹೋದಳು. ಅಣ್ಣ ಮಂಡಿ ಮುಚ್ಚಿದ ಮೇಲೆ ಬಸ್ತಿಹಳ್ಳಿಗೇ ಹೊರಟುಹೋದಳು."

"ನೀವು ಕರೆಯಲಿಲ್ಲವೇ?"

ಅತ್ತೆ ಒಂದು ಕಲ್ಲು ಆರಿಸಿ ಬದಿಗಿಟ್ಟರು. "ಏನಂತ ಕರೀಲಿ? ಸದಸ್ಯೆ ಅನ್ನೋ ಹಾಗಿಲ್ಲ. ಅತಿಥಿ ಅನ್ನೋಕೆ ಬಾಯಿ ಬರ್ಲಿಲ್ಲ. ಯಾವತ್ತಾದ್ರೂ ತಾನಾಗೇ ಬಂದ್ರೆ ತಿನ್ನೋ ಹಾಗಿರ್ಲಿ ಅಂತ ತಿಂಡಿ ಮಾತ್ರ ಹಾಗೇ ಇಟ್ಕೊಂಡು ಬಂದೆ. ಗೊತ್ತಿದ್ದ ಹಿರಿಯರು ಒಬ್ಬೊಬ್ಬರೇ ಹೋದ್ರು. ಉಳಿದವರು ಮಿಸ್ಸಮ್ಮಂದು ಅಂದ್ರು. ಅನ್ಲಿ ಬಿಡು ಅಂತ ಸುಮ್ಮನಿದ್ದೆ. ಕಾರಣ ಹೇಳಿದ್ರೆ, 'ಹೊರಗಿನೋಳಿಗೆ ನಾವ್ಯಾಕೆ' ಅಂತ ಯಾರಾದ್ರೂ ಅಂದುಬಿಟ್ರೆ?"

"ಕುರುಹುಗಳು" ಇರುವ ಹಾಳೆಯನ್ನು ಹರಿದು ಒಲೆಗೆ ಹಾಕಿದೆ.

27 ಡಿಸೆಂಬರ್, ಬುಧವಾರ

ಕ್ರಿಸ್‌ಮಸ್ ಆಯಿತು. ಕೇಕ್ ಚೆನ್ನಾಗಿ ಬಂದಿತ್ತು. ಬರೆಯಲು ಮನಸ್ಸಿಲ್ಲ.

11 ಜನವರಿ 1979, ಗುರುವಾರ

ಪ್ರಸನ್ನನಿಗೆ ರಜೆ. ಹಳೇಬೀಡು ನೋಡಬೇಕೆಂದು ಹಟ ಹಿಡಿದೆ. ಅತ್ತೆಗೆ ಹೇಳಿದ್ದೂ ಅಷ್ಟೇ. ಜಾವಗಲ್ ಮೇಲೆ ಹೋಗುವ ಬಸ್ಸಿನಲ್ಲಿ ನನ್ನ ತೊಡೆಯ ಮೇಲೆ ಯಾರದೋ ಕೋಳಿಬುಟ್ಟಿ! ಪ್ರಸನ್ನ, "ಹನಿಮೂನ್ ಅಂದರೆ ಇದೇ ನೋಡು" ಎಂದ. ದೇವಸ್ಥಾನದ ಗೋಡೆಯ ಆನೆಗಳನ್ನು ಅವನಿಗೊಪ್ಪಿಸಿ, ನಾನು ಬಸ್ತಿಹಳ್ಳಿಗೆ ನಡೆದೆ. ಬಸದಿಗಳ ಹಿಂದಿನ ಬೀದಿಯಲ್ಲಿ ಮನೆ ಸುಲಭವಾಗಿ ಸಿಕ್ಕಿತು.

ಧರ್ಮಾವತಿಯಮ್ಮ ಜಗಲಿಯ ಮೇಲೆ ಹತ್ತಿ ಬಿಡಿಸುತ್ತಿದ್ದರು. ತೆಳ್ಳಗೆ, ನೆಟ್ಟಗೆ, ಬಿಳಿ ಸೀರೆ. ನಾನು ಯಾರೆಂದು ಹೇಳುತ್ತಲೇ ಅಡಿಯಿಂದ ಮುಡಿಯವರೆಗೆ ನೋಡಿದರು.

"ಸುವರ್ಣನ ಸೊಸೆಯಾ? ಕೂತ್ಕೋ. ಇಷ್ಟೊಂದು ಬಳೆ ಹಾಕ್ಕೊಂಡು ಕೆಲಸ ಹ್ಯಾಗೆ ಮಾಡ್ತೀಯೇ?"

"ಮಾಡೋದಿಲ್ಲ, ಅದಕ್ಕೇ ಹಾಕಿಕೊಂಡಿದ್ದೀನಿ" ಎಂದೆ. ಬಾಯಿ ತಪ್ಪಿ ಬಂತು. ಅವರು ನಕ್ಕುಬಿಟ್ಟರು. ಒಳಗಿನಿಂದ ಅವರ ತಮ್ಮನ ಸೊಸೆ ಪದ್ಮಲತಾ ಕೊಬ್ಬರಿ, ಬೆಲ್ಲ ತಂದಿಟ್ಟರು.

ಎಲ್ಲ ಹೇಳಿದೆ. ಬೋಂಡ, ಬಲ್ಬು, ನನ್ನ ಭಾಷಣ, ಟ್ರಂಕಿಗೆ ಹೋದ ಬಟ್ಟೆ. ಮಹೋತ್ಸವಕ್ಕೆ ಬರಬೇಕು ಎಂದೆ.

"ಇನ್ನೂ ಹೊತ್ತು ಮುಳುಗೋಕೆ ಮುಂಚೆನೇ ತಿಂತಾರಾ?" ಎಂದು ಎರಡು ಸಲ ಕೇಳಿದರು. ಆಮೇಲೆ ಮತ್ತೆ ಹತ್ತಿ ಎತ್ತಿಕೊಂಡರು.

"ಅಲ್ಲ ಕಣೇ ಹುಡುಗಿ, ನಾನು ಏನಂತ ಬರ್ಲಿ?"

ಅತ್ತೆ ಕೇಳಿದ್ದೂ ಇದನ್ನೇ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಒಳ್ಳೊಳ್ಳೆಯ ಉತ್ತರಗಳನ್ನೆಲ್ಲ ಬಿಟ್ಟು, "ನೀರು ಸೋಸೋಕೆ ಬನ್ನಿ. ನಮಗೆ ಯಾರಿಗೂ ಅದು ಸರಿಯಾಗಿ ಬರೋದಿಲ್ಲ" ಎಂದೆ.

"ಇಷ್ಟು ವರ್ಷ ಮತ್ತೇನು ಕುಡೀತಿದ್ರಿ?"

ಬರುತ್ತೇನೆ ಎನ್ನಲಿಲ್ಲ. ಬರುವುದಿಲ್ಲ ಎಂದೂ ಅನ್ನಲಿಲ್ಲ. "ಸಂಜೆ ಬಸ್ಸು ನಂಬೋ ಹಾಗಿಲ್ಲ. ಕತ್ತಲಾದ ಮೇಲೆ ಬಂದು ಎಲ್ಲರ ಎದುರಿಗೆ ಹಸಿದು ಕೂರೋ ವಯಸ್ಸಲ್ಲ ಇದು" ಎಂದಷ್ಟೇ ಹೇಳಿದರು.

ವಾಪಸು ಬಸ್ಸಿನಲ್ಲಿ ನಾನು ಮಾತಾಡದ್ದು ಕಂಡು ಪ್ರಸನ್ನ ನನ್ನ ಹಣೆ ಮುಟ್ಟಿ ನೋಡಿದ.

20 ಜನವರಿ, ಶನಿವಾರ

ನನ್ನ ಭಾಷಣವನ್ನು ನಾನೇ ಹಿಂತೆಗೆದುಕೊಳ್ಳುವುದು ಇಷ್ಟು ಕಷ್ಟವೆಂದು ಗೊತ್ತಿರಲಿಲ್ಲ. ಧರ್ಮಾವತಿಯಮ್ಮನವರ ವಿಷಯ ಕೂಟದಲ್ಲಿ ಹೇಳಿದೆ. ಅತ್ತೆ ತಲೆ ತಗ್ಗಿಸಿ ಕೂತಿದ್ದರು. ಬಸ್ತಿಹಳ್ಳಿಗೆ ಹೋಗಿದ್ದೆನೆಂದು ಅವರಿಗೂ ಆಗಲೇ ತಿಳಿದದ್ದು.

"ಸದಸ್ಯರಲ್ಲದ ಒಬ್ಬರಿಗಾಗಿ ಇಡೀ ಕಾರ್ಯಕ್ರಮ ಬದಲಾಯಿಸೋದಾ? ಬಣ್ಣದ ಬಲ್ಬು ಬೇಕು ಅಂದವಳೂ ನೀನೇ ತಾನೇ?" ಎಂದರು ಎಸ್ತರಮ್ಮ.

"ನಾನೇ. ತಿಳಿಯದೆ ಅಂದೆ."

ಮಾದಮ್ಮ, "ಅಯ್ಯೋ, ಆ ಬಿಳೀ ಸೀರೆ ಅಮ್ಮನಾ? ನನ್ ಮೊದ್ಲನೇ ಮಗೀಗೆ ಕುಲಾವಿ ಹೊಲ್ದಿದ್ದು ಆವಮ್ಮನೇಯ" ಎಂದರು. ಆಮೇಲೆ ಮಾತು ಸ್ವಲ್ಪ ಮೆತ್ತಗಾಯಿತು. ಕಾರ್ಯಕ್ರಮ ನಾಲ್ಕು ಗಂಟೆಗೆ ಎಂದಾಯಿತು. ಅಡುಗೆಯಲ್ಲಿ ಗೆಡ್ಡೆ, ಈರುಳ್ಳಿ, ಬೆಳ್ಳುಳ್ಳಿ ಇಲ್ಲ ಎಂದೂ ಆಯಿತು. ಆದರೆ ಪ್ರಾರ್ಥನೆ, ವರದಿ, ಹಾಸನ ಚರ್ಚಿನ ಸಭಾಪಾಲಕರ ಸಂದೇಶ, ಕೊನೆಗೆ ಚರಿತ್ರೆ ಓದುವುದು, ಎಲ್ಲ ಮುಗಿದ ಮೇಲೆಯೇ ಊಟ. ಆ ಕ್ರಮ ಮಾತ್ರ ಎಸ್ತರಮ್ಮ ಬಿಟ್ಟುಕೊಡಲಿಲ್ಲ.

ದಾರಿಯಲ್ಲಿ ಅತ್ತೆ, "ಹ್ಯಾಗಿದ್ದಾಳೆ?" ಎಂದು ಕೇಳಿದರು.

"ನೆಟ್ಟಗಿದ್ದಾರೆ. ನನ್ನ ಬಳೆ ನೋಡಿ ಬೈದರು."

"ಬೈದಳಾ?" ಎಂದರು. ಮನೆ ಬರುವವರೆಗೂ ಅವರ ಮುಖ ಗೆಲುವಾಗಿತ್ತು. ಬಟ್ಟೆ ಮತ್ತೆ ಬಿಂದಿಗೆಗೆ ಬಂದಿದೆ.

10 ಫೆಬ್ರವರಿ, ಶನಿವಾರ

ಚರಿತ್ರೆ ಮುಗಿಯಿತು. ಇಪ್ಪತ್ತು ಪುಟ! ಪ್ಲೇಗಿನ ವರ್ಷ, ಬರದ ವರ್ಷ, ಗಂಜಿ ಕೇಂದ್ರ, ಎಲ್ಲ ಇದೆ. ಆರಂಭದಲ್ಲಿ ಮುಂಜಾವಿನ ವರ್ಣನೆಯೂ ಇದೆ. ಕನ್ನಡಿಯ ಮುಂದೆ ನಿಂತು ಓದಿ ನೋಡಿದೆ. ನನಗೇ ಕಣ್ಣೀರು ಬಂತು. ಎಸ್ತರಮ್ಮ ಇನ್ನೊಮ್ಮೆ "ಪಾಪ" ಅನ್ನಲಿ ನೋಡೋಣ.

18 ಫೆಬ್ರವರಿ, ಭಾನುವಾರ

ನಿನ್ನೆ ಮಹೋತ್ಸವವಾಯಿತು.

ಹಾಸನದ ಸಭಾಪಾಲಕರು ತಡವಾಗಿ ಬಂದರು, ಬಂದವರು ನಿಧಾನವಾಗಿ ಮಾತಾಡಿದರು. ಅತ್ತೆ ವೇದಿಕೆಯ ಮೇಲೆ ಕೂತು ಗೇಟನ್ನೇ ನೋಡುತ್ತಿದ್ದರು. ಹಳೇಬೀಡಿನ ಬಸ್ಸಿನ ಹೊತ್ತು ಕಳೆದುಹೋಗಿತ್ತು. ಬರಲಿಲ್ಲ ಎಂದುಕೊಂಡೆ. ಆಗ ಪದ್ಮಲತಾರ ಕೈ ಹಿಡಿದು ಧರ್ಮಾವತಿಯಮ್ಮ ಒಳಗೆ ಬಂದರು. ಜಾವಗಲ್ಲಿನಲ್ಲಿ ಟೈರು ಪಂಕ್ಚರ್ ಆಗಿತ್ತಂತೆ.

ಕುರ್ಚಿ ತೋರಿಸಿದರೂ ಕೂರಲಿಲ್ಲ. ನೆಟ್ಟಗೆ ಹಿಂಬದಿಯಲ್ಲಿಟ್ಟಿದ್ದ ಬಿಂದಿಗೆಯ ಹತ್ತಿರ ಹೋದರು. ಬಟ್ಟೆ ಮುಟ್ಟಿ ನೋಡಿ, ಬಿಚ್ಚಿ, ಎರಡು ಮಡಿಕೆ ಮಾಡಿ ಮತ್ತೆ ಕಟ್ಟಿದರು. ಅತ್ತೆ ಅದನ್ನು ನೋಡಿದರು. ಎದ್ದು ಬರುವ ಹಾಗಿರಲಿಲ್ಲ. ವೇದಿಕೆಯಿಂದಲೇ ಆಕಾಶದ ಕಡೆ ನೋಡಿದರು. ನಾನೂ ನೋಡಿದೆ. ಬಿಸಿಲು ಆಗಲೇ ತೆಂಗಿನ ಗರಿಗಳ ತುದಿಗೆ ಏರಿತ್ತು.

ಸಂದೇಶ ಮುಗಿಯಿತು. ನನ್ನ ಹೆಸರು ಕರೆದರು. ಕೈಯಲ್ಲಿ ಇಪ್ಪತ್ತು ಪುಟ. ಮುಂಜಾವಿನ ವರ್ಣನೆ ಮೇಲೆಯೇ ಇತ್ತು. ಅದನ್ನು ತಿರುಗಿಸಿದೆ, ಅದರ ಮುಂದಿನದನ್ನೂ ತಿರುಗಿಸಿದೆ. ಬೇಕಾದ ಪುಟ ಸಿಕ್ಕಿತು. ಓದಿದೆ: "ಬಾಣಂತಿ ಗಂಟನ್ನು ಮೊದಲು ಕಟ್ಟಿದವರು, ನಾವು ಕುಡಿಯುವ ನೀರಿಗೆ ಬಟ್ಟೆ ಕಟ್ಟಿದವರು, ಬಸ್ತಿಹಳ್ಳಿಯ ಸಹೋದರಿ ಧರ್ಮಾವತಿಯವರು." ಆಮೇಲೆ ಹಾಳೆ ಮಡಿಸಿ, "ಅವರು ಬಂದಿದ್ದಾರೆ. ಇನ್ನೂ ಬೆಳಕಿದೆ. ಎಲ್ಲರೂ ಊಟಕ್ಕೆ ಏಳಿ" ಎಂದೆ.

ಸಭಾಪಾಲಕರು ಎಸ್ತರಮ್ಮನವರ ಕಡೆ ನೋಡಿದರು. ಎಸ್ತರಮ್ಮ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು, ತಾವೇ ಮೊದಲು ಎದ್ದರು. "ಎಲೆ ಹಾಕ್ರೀ ಬೇಗ, ನಿಂತು ನೋಡ್ತೀರೇನು?"

ಅತ್ತೆ ಬೇರೆ ಪಾತ್ರೆಯಲ್ಲಿ ಮಾಡಿದ್ದನ್ನು ತಾವೇ ತಂದು ಬಡಿಸಿದರು. ಇಬ್ಬರೂ ಒಬ್ಬರನ್ನೊಬ್ಬರು ಹೆಚ್ಚು ನೋಡಲಿಲ್ಲ. ಧರ್ಮಾವತಿಯಮ್ಮ ಒಂದು ತುತ್ತು ತಿಂದು, "ಉಪ್ಪು ಕಮ್ಮಿ ಕಣೇ ಸುವರ್ಣ. ಇನ್ನೂ ಕಲೀಲಿಲ್ಲ ನೀನು" ಎಂದರು. ಅತ್ತೆ ನಕ್ಕರು. ಅವರಿಗೆ ಅಂಥದೊಂದು ನಗು ಇದೆಯೆಂದು ನನಗೆ ಗೊತ್ತಿರಲಿಲ್ಲ.

"ಸಹೋದರಿ ವಿನೋದಿನಿ, ಆ ಸಾಲಿಗೆ ನೀರು ಹೋಗಿಲ್ಲ ನೋಡಿ" ಎಂದು ಎಸ್ತರಮ್ಮ ನನ್ನ ಕಡೆ ತಿರುಗಿ ಕೂಗಿದರು. ಜಗ್ಗು ಭಾರವಿತ್ತು, ಬಳೆಗಳು ಅಡ್ಡ ಬರುತ್ತಿದ್ದವು, ತೆಗೆದು ಸೆರಗಿನಲ್ಲಿ ಕಟ್ಟಿಕೊಂಡು ಬಡಿಸಿದೆ. ಕೊನೆಯ ಎಲೆ ಎತ್ತುವ ಹೊತ್ತಿಗೆ ಬಣ್ಣದ ಬಲ್ಬುಗಳು ಹತ್ತಿದವು. ಮಾದಮ್ಮನಿಗೆ ಬಹಳ ಖುಷಿಯಾಯಿತು.

ಧರ್ಮಾವತಿಯಮ್ಮ ರಾತ್ರಿ ಕೊಬ್ಬರಿ ಮಂಡಿ ಬೀದಿಯ ನೆಂಟರಲ್ಲಿ ಉಳಿದು, ಇಂದು ಬೆಳಿಗ್ಗೆ ಬಸ್ಸಿಗೆ ಹೋಗುವ ಮುಂಚೆ ನಮ್ಮ ಹಿತ್ತಲಿಗೆ ಬಂದರು. ಹೊತ್ತು ಹುಟ್ಟಿ ಸ್ವಲ್ಪ ಏರುವವರೆಗೂ ಅವರು ನೀರು ಮುಟ್ಟುವುದಿಲ್ಲ. ಎದ್ದ ಕೂಡಲೇ ಕಾಫಿ ಬೇಕು ಎನ್ನುವ ಅತ್ತೆ, ಲೋಟ ಕೆಳಗಿಟ್ಟು ಅವರ ಪಕ್ಕದಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಿದ್ದರು. ಯಾರದೋ ಹೆರಿಗೆಯ ಹಳೇ ಕಥೆ ನಡೆಯುತ್ತಿತ್ತು. ನಾನು ಬಾಗಿಲಿಗೆ ಒರಗಿ ಕೇಳುತ್ತಿದ್ದೆ. ಬಿಸಿಲು ಬಾವಿಕಟ್ಟೆ ದಾಟಿ ಅವರ ಕಾಲಿನವರೆಗೆ ಬಂತು. ಧರ್ಮಾವತಿಯಮ್ಮ ಚೊಂಬು ಎತ್ತಿದರು.

ನನ್ನ ಕಾಫಿಯೂ ಆರಿಹೋಗಿತ್ತು. ಮೂವರಿಗೂ ಬೇರೆ ಬಿಸಿ ಮಾಡಲು ಒಳಗೆ ಹೋದೆ. ಧರ್ಮಾವತಿಯಮ್ಮನವರಿಗೆ ಬರೀ ಹಾಲು.

ಮುಂದಿನ ತಿಂಗಳು ಕೂಟ ಮತ್ತೆ ನಮ್ಮ ಮನೆಯಲ್ಲಿ. ತಿಂಡಿಗೆ ಉಸಲಿ, ಹಿಂದಿನ ದಿನವೇ ಕಡಲೆಕಾಳು ನೆನೆಹಾಕಬೇಕು.